ಹರಿಯುವ ಕಾಲುವೆಗೆ ಅವಶೇಷವೆಂಬ ಹೆಸರೇ?



ನಾನೀಗ ಇರುವುದು ಭಟ್ಕಳಕ್ಕೆ ಅಂಟಿಕೊಂಡ ಜಾಲಿಯಲ್ಲಿ. ಹುಟ್ಟಿ ಬೆಳೆದದ್ದು ತುಂಗಭದ್ರೆಯ ಬಲದಂಡೆಯ ಕಂಪ್ಲಿ ಸೀಮೆಯಲ್ಲಿ. ಮೇಷ್ಟರಿಕೆ ನನ್ನ ಕಾಯಕ. ಇಲ್ಲಿ ಜೂನ್ ಬಂತೆಂದರೆ ಹಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ತರಗತಿಯಲ್ಲಿ ನನ್ನ ಮಾತು ನನಗೇ ಕೇಳುವುದಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕು ಸುರಿಯುವ ಈ ನೀರು ಗುಡ್ಡದಿಂದಿಳಿದು ಅರ್ಧ ದಿನದೊಳಗೆ ಸಮುದ್ರ ಸೇರಿಬಿಡುತ್ತದೆ. ಏಪ್ರಿಲ್ ಬಂದರೆ ಇದೇ ಕರಾವಳಿಯ ಎಷ್ಟೋ ಕೇರಿಗಳಲ್ಲಿ ಕೊಡ ಹಿಡಿದು ಟ್ಯಾಂಕರ್ ಕಾಯಬೇಕು. ನನ್ನ ಹಳ್ಳಿಯಲ್ಲಿ ಇದಕ್ಕೆ ತದ್ವಿರುದ್ಧ. ಮಳೆ ಇಲ್ಲಿಯ ಆರರಲ್ಲಿ ಒಂದು ಪಾಲೂ ಬೀಳದು, ಆದರೆ ಗದ್ದೆಯಲ್ಲಿ ನೀರು ನಿಂತಿರುತ್ತದೆ. ಇದಕ್ಕೆ ಕಾರಣ ಮೋಡವಲ್ಲ, ಮನುಷ್ಯರ ಕೈ.

ಕಳೆದ ವರ್ಷ ಎಂಟನೆಯ ತರಗತಿಯಲ್ಲಿ ವಿಜಯನಗರದ ಪಾಠ ನಡೆದಿತ್ತು. ಪುಸ್ತಕದಲ್ಲಿ ಎಂದಿನಂತೆ ಕಲ್ಲಿನ ರಥದ ಚಿತ್ರ. ಮೀನುಗಾರರ ಮನೆಯ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಇಷ್ಟು ದೊಡ್ಡ ಊರಿನ ಜನ ಊಟಕ್ಕೆ ಏನು ಮಾಡ್ತಿದ್ರು? ಅಲ್ಲಿ ಬರೀ ಬಂಡೆಯೇ ಕಾಣ್ತದಲ್ಲ?" ಎಂದಳು. ಮೂವತ್ತು ವರ್ಷ ಈ ಪಾಠ ಹೇಳಿದ್ದೇನೆ, ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ನಾಚಿಕೆಯ ಸಂಗತಿಯೆಂದರೆ, ಆ ಊಟ ಬೆಳೆದ ಕಾಲುವೆಯ ನೀರಲ್ಲೇ ಈಜಿ ಬೆಳೆದ ನಾನೂ ಅದನ್ನು ಪಾಠದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಈ ಲೇಖನ ಆ ಹುಡುಗಿಗೆ ಕೊಡಬೇಕಿದ್ದ ಉತ್ತರ. ಜೊತೆಗೆ ನಮ್ಮವರಿಗೆ, ಅಂದರೆ ಬಸವಣ್ಣನವರ ಹೆಸರು ಹೇಳಿಕೊಂಡು ಬದುಕುವ ನಮಗೆಲ್ಲ, ಹೇಳಬೇಕಾದ ನಾಲ್ಕು ಕಟು ಮಾತೂ ಇದರಲ್ಲಿವೆ.

ಕರಾವಳಿಗೂ ಆ ಕಾಲುವೆಗಳಿಗೂ ನಂಟು ಇಲ್ಲದಿಲ್ಲ. ವಿಜಯನಗರಕ್ಕೆ ಹೋಗುವ ಕುದುರೆಗಳು ಇಳಿಯುತ್ತಿದ್ದ ರೇವುಗಳಲ್ಲಿ ಭಟ್ಕಳವೂ ಒಂದು. 1520ರ ಸುಮಾರಿಗೆ ರಾಜಧಾನಿಯನ್ನು ಕಂಡು ಬರೆದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್, ಘಟ್ಟದ ಹಾದಿಯಲ್ಲಿ ಕಾಡೂ ತೊರೆಯೂ ನೆರಳೂ ಇರುವುದರಿಂದ ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಭಟ್ಕಳಕ್ಕೆ ಬರುತ್ತವೆ ಎಂದು ಬರೆದಿದ್ದಾನೆ. ಅವನಿಗಿಂತ ಮುಕ್ಕಾಲು ಶತಮಾನ ಮೊದಲು, 1443ರಲ್ಲಿ, ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಅರಮನೆಯ ಸುತ್ತ ನಯವಾಗಿ ಕೆತ್ತಿದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುವುದನ್ನು ಕಂಡು ಬೆರಗಾಗಿದ್ದ. ಊರಿಗೆ ಮರಳುವಾಗ ಅವನು ಹಡಗೇರಿದ್ದು ನಮ್ಮ ಹೊನ್ನಾವರದಿಂದ. ಅವನು ಕಂಡ ಕಲ್ಲು ದೋಣಿಗಳು ಇಂದಿಗೂ ಕಮಲಾಪುರದ ಬಳಿಯ ಅರಮನೆ ಆವರಣದಲ್ಲಿ ಕಲ್ಲಿನ ಆಸರೆಯ ಮೇಲೆ ಸಾಲಾಗಿ ನಿಂತಿವೆ. ಅವು ನೀರು ತಂದು ಸುರಿಯುತ್ತಿದ್ದ ಮೆಟ್ಟಿಲು ಹೊಂಡ 1980ರ ದಶಕದ ಉತ್ಖನನದಲ್ಲಿ ಮಣ್ಣಿನಿಂದ ಮೇಲೆ ಬಂತು. ಆ ಹೊಂಡದ ಕಪ್ಪು ಕಲ್ಲುಗಳ ಮೇಲೆ ಯಾವ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ ಎಂದು ಕಲ್ಲುಕುಟಿಗರು ಗುರುತು ಹಾಕಿಕೊಂಡದ್ದು ಇನ್ನೂ ಓದುವಂತಿದೆ. ಹಂಪಿಗೆ ಹೋದವರು ರಾಜನ ಸಿಂಹಾಸನದ ಕಟ್ಟೆ ನೋಡಿ ಬರುತ್ತಾರೆ. ಇನ್ನೊಮ್ಮೆ ಹೋದರೆ ಆ ಗುರುತುಗಳ ಮುಂದೆ ಒಂದು ಗಳಿಗೆ ಕುಳಿತುಕೊಳ್ಳಿ. ಇಡೀ ಹಂಪಿಯಲ್ಲಿ ದುಡಿದವನ ಕೈಬರಹ ಇಷ್ಟು ಸ್ಪಷ್ಟವಾಗಿ ನನಗೆ ಕಂಡದ್ದು ಅಲ್ಲಿ ಮಾತ್ರ.

ಅರಮನೆಯ ನೀರು ಒಂದು ಕಥೆ, ಹೊಲದ ನೀರು ಇನ್ನೊಂದು. ನನಗೆ ಮುಖ್ಯವಾದದ್ದು ಎರಡನೆಯದು. ತುಂಗಭದ್ರೆಗೆ ಅಲ್ಲಲ್ಲಿ ಕಲ್ಲಿನ ಅಣೆಕಟ್ಟು ಕಟ್ಟಿ, ನದಿಯ ಎರಡೂ ದಂಡೆಗೆ ಕಾಲುವೆ ತೆಗೆದವರು ವಿಜಯನಗರದವರು. ರಾಯ ಕಾಲುವೆ, ಬಸವಣ್ಣ ಕಾಲುವೆ, ಬೆಲ್ಲ, ತುರ್ತು, ರಾಮಸಾಗರ, ಕಂಪ್ಲಿ, ಸಿರುಗುಪ್ಪ, ದೇಶನೂರು. ಆಚೆ ದಂಡೆಯಲ್ಲಿ ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿಯ ಮೇಲಿನದು, ಕೆಳಗಿನದು. ಇವೆಲ್ಲ ಇತಿಹಾಸದ ಪುಸ್ತಕದ ಹೆಸರುಗಳಲ್ಲ, ನಮ್ಮ ರೈತರ ಪಹಣಿಯ ಪಕ್ಕದ ಹೆಸರುಗಳು. 1521ರಲ್ಲಿ ಕೃಷ್ಣದೇವರಾಯ ಕೊರಗಲ್ಲಿನ ಅಣೆಕಟ್ಟು ಮತ್ತು ಬಸವಣ್ಣ ಕಾಲುವೆಯನ್ನು ಮಾಡಿಸಿದ. ಅದಾದ ನಲವತ್ತನಾಲ್ಕೇ ವರ್ಷಕ್ಕೆ ರಕ್ಕಸತಂಗಡಿಯ ಯುದ್ಧ, ಹಂಪಿ ಹಾಳು. ಅರಮನೆ ಸುಟ್ಟಿತು, ಬಜಾರು ಬರಿದಾಯಿತು, ಗುಡಿಗಳ ವಿಗ್ರಹ ಒಡೆಯಿತು. ಕಾಲುವೆ ಮಾತ್ರ ಮರುದಿನವೂ ಹರಿಯಿತು. ಆಮೇಲೆ ಯಾರು ಯಾರೋ ಆಳಿದರು, ಎಲ್ಲರಿಗೂ ಅದೇ ನೀರಿನ ಕಂದಾಯ ಬೇಕಿತ್ತು. 1900ರಲ್ಲಿ ವಿಜಯನಗರದ ಚರಿತ್ರೆ ಬರೆದ ರಾಬರ್ಟ್ ಸಿವೆಲ್ ಕೂಡ ಈ ಅಣೆಕಟ್ಟು, ಕಾಲುವೆ ಎರಡೂ ಬಳಕೆಯಲ್ಲಿವೆ, ನಾಡಿಗೆ ಬಹಳ ಉಪಕಾರಿಯಾಗಿವೆ ಎಂದೇ ಬರೆದ.

ಸ್ಥಾವರ, ಜಂಗಮದ ಮಾತನ್ನು ಈ ಪತ್ರಿಕೆಯ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಂಪಿಗೆ ಹೋದಾಗಲೆಲ್ಲ ನನಗೆ ಅದು ಕಣ್ಣೆದುರೇ ಕಾಣುತ್ತದೆ. 1986ರಲ್ಲಿ ಯುನೆಸ್ಕೊ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗಿನಿಂದ ನಿಂತ ಕಂಬಕ್ಕೆ ಬೇಲಿ, ಬಿದ್ದ ಕಂಬಕ್ಕೆ ಫಲಕ, ಕಾವಲಿಗೆ ಸಿಬ್ಬಂದಿ. ಅವುಗಳ ನಡುವೆಯೇ ತುರ್ತು ಕಾಲುವೆ ಬಾಳೆ ತೋಟ, ಭತ್ತದ ಗದ್ದೆಗಳಿಗೆ ನೀರುಣಿಸುತ್ತ ಹಾದು ಹೋಗುತ್ತದೆ. ಪ್ರವಾಸಿಗರು ಅದನ್ನು ದಾಟಿ ಹೋಗುತ್ತಾರೆ, ಕೆಲವರು ಚರಂಡಿಯೇನೋ ಎಂದುಕೊಂಡು ಖಾಲಿ ಬಾಟಲಿ ಎಸೆಯುತ್ತಾರೆ. ಹಂಪಿ ಉತ್ಸವದಲ್ಲಿ ನಾನು ಕೇಳಿದ ಭಾಷಣಗಳಲ್ಲಿ ಕಾಲುವೆಗೆ ಮೀಸಲಾದ ಒಂದು ವಾಕ್ಯವೂ ಇರಲಿಲ್ಲ. ವಿದ್ವಾಂಸರ ಲೇಖನಗಳಲ್ಲಿ "ಪ್ರಾಚೀನ ನೀರಾವರಿ ಅವಶೇಷಗಳು" ಎಂಬ ಶೀರ್ಷಿಕೆಯ ಕೆಳಗೆ ಇವು ಬರುತ್ತವೆ. ಒಂದು ಕ್ಷಣವೂ ಕೆಲಸ ನಿಲ್ಲಿಸದ್ದನ್ನು ಅವಶೇಷ ಎನ್ನುವುದು ಯಾವ ನ್ಯಾಯ? ಉಂಡೆದ್ದು ಹೋಗುವಾಗ ಅಡುಗೆ ಮಾಡಿದವಳನ್ನು ತೋರಿಸಿ, "ಇವಳು ಹಿಂದೆ ಇದ್ದಳು" ಎಂದಂತೆ.

ಬಸವಣ್ಣ ಕಾಲುವೆ ಎಂಬ ಹೆಸರು ಕೇಳಿ ನಮ್ಮವರಲ್ಲಿ ಕೆಲವರು ಹಿಗ್ಗುವುದುಂಟು. ಹಳ್ಳಿಯ ಬಾಯಲ್ಲಿ ಬಸವಣ್ಣ ಎಂದರೆ ಮೊದಲು ಎತ್ತು. ಆ ಹೆಸರನ್ನು ಹಿಡಿದು ನಾನು ವಾದಕ್ಕೆ ಹೋಗುವುದಿಲ್ಲ. ನಮಗೆ ನಿಜವಾದ ಋಣ ಇರುವುದು ಬೇರೆ ಕಡೆ. ಪ್ರೌಢದೇವರಾಯನ ಕಾಲದಲ್ಲಿ, ಅಂದರೆ 1424ರಿಂದ 1446ರವರೆಗೆ, ನೂರೊಂದು ವಿರಕ್ತರು ನೆಲೆಸಿದ್ದು ಈ ನಗರದಲ್ಲಿ. ಚಾಮರಸ 'ಪ್ರಭುಲಿಂಗಲೀಲೆ' ರಚಿಸಿದ್ದು, ಲಕ್ಕಣ್ಣ ದಂಡೇಶ ಮಂತ್ರಿಯಾಗಿದ್ದು ಇದೇ ಕಾಲದಲ್ಲಿ. ಕಲ್ಯಾಣದಿಂದ ಚೆದುರಿದ ವಚನಗಳನ್ನು ಹುಡುಕಿ ಕಟ್ಟಿ ಜೋಡಿಸುವ ದೊಡ್ಡ ಕೆಲಸಕ್ಕೆ ಆ ಶತಮಾನದಲ್ಲೇ ಹೊಸ ಜೀವ ಬಂತು. ಓಲೆಯ ಮುಂದೆ ಕುಳಿತ ಆ ವಿರಕ್ತರ ತಟ್ಟೆಗೆ ಬಿದ್ದ ಅನ್ನ ಎಲ್ಲಿಯದು? ಬಂಡೆಯ ಮೇಲೆ ಬೆಳೆದದ್ದಲ್ಲ. ಕಾಲುವೆಯ ಕೆಳಗಿನ ಕೆಸರಿನಲ್ಲಿ ಬೆನ್ನು ಬಗ್ಗಿಸಿದವರು ಬೆಳೆದದ್ದು. ವಚನಗಳು ಇಂದು ನಮ್ಮ ಕೈಯಲ್ಲಿ ಇರುವುದಕ್ಕೆ ಸಂಕಲನಕಾರರಿಗೆ ಎಷ್ಟು ಋಣಿಗಳೋ, ಅಷ್ಟೇ ಆ ಕೆಸರಿನವರಿಗೂ ನಾವು ಋಣಿಗಳು.

ಅವರ ವಿದ್ಯೆ ಎಂಥದ್ದು ಎಂಬುದನ್ನು ಸ್ವಲ್ಪ ಹೇಳುತ್ತೇನೆ. ಕಾಲುವೆ ತೆಗೆಯುವುದೆಂದರೆ ಗುದ್ದಲಿ ಹಿಡಿದು ನೆಟ್ಟಗೆ ಅಗೆಯುವುದಲ್ಲ. ನದಿ ಕೆಳಗಿಳಿಯುವುದಕ್ಕಿಂತ ನಿಧಾನವಾಗಿ ಕಾಲುವೆ ಇಳಿಯಬೇಕು, ಆಗ ಮಾತ್ರ ಹರಿದಷ್ಟೂ ನದಿಗಿಂತ ಎತ್ತರದ ನೆಲ ಅದರ ಕೈಗೆ ಸಿಗುತ್ತದೆ. ಇಳುಕಲು ಹೆಚ್ಚಾದರೆ ದಂಡೆ ಕೊಚ್ಚುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ಅದಕ್ಕೇ ಈ ಕಾಲುವೆಗಳು ಗುಡ್ಡದ ಬುಡವನ್ನು ತಬ್ಬಿಕೊಂಡು ಹಾವಿನಂತೆ ಬಳಸುತ್ತ ಹೋಗುತ್ತವೆ. ಒಂದು ಬದಿ ಬೋಳು ಬಂಡೆ, ಇನ್ನೊಂದು ಬದಿ ಹಸಿರು. ಅಣೆಕಟ್ಟು ಕಟ್ಟುವಾಗ ನದಿಯೊಡನೆ ಅವರು ಜಗಳಕ್ಕೆ ನಿಲ್ಲಲಿಲ್ಲ. ನದಿಯೊಳಗೆ ಮೊದಲೇ ಇದ್ದ ಬಂಡೆ, ನಡುಗಡ್ಡೆಗಳನ್ನು ಹಿಡಿದು ಅವುಗಳ ನಡುವಿನ ಕಂಡಿಗಳನ್ನು ದೊಡ್ಡ ಕಲ್ಲುಗಳಿಂದ ತುಂಬಿದರು. ಪ್ರವಾಹ ಬಂದರೆ ನೀರು ಅದರ ನೆತ್ತಿಯ ಮೇಲೆ ಹಾಯ್ದು ಹೋಗುತ್ತದೆ, ಇಳಿದ ಮೇಲೆ ಕಾಲುವೆಗೆ ಬೇಕಾದಷ್ಟು ನಿಲ್ಲುತ್ತದೆ. ಕಾವಲುಗಾರನಿಲ್ಲ, ಗೇಟಿಲ್ಲ.

ಈ ಕೆಲಸಕ್ಕೆ ಶಾಸ್ತ್ರವೂ ಇತ್ತು. ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಹಾಕಿಸಿದ ಶಾಸನ, ಒಂದು ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಎಣಿಸುತ್ತದೆ. ಜಲಶಾಸ್ತ್ರ ಬಲ್ಲವನೊಬ್ಬ ಇರಬೇಕೆಂಬುದು ಆ ಅಂಗಗಳಲ್ಲಿ ಒಂದು. ಆ ಕೆರೆಗೆ ದಿನಕ್ಕೆ ಸಾವಿರ ಆಳು ಎರಡು ವರ್ಷ ದುಡಿದರು, ನೂರು ಬಂಡಿ ಕಲ್ಲು ಹೇರಿದವು. 1388ರ ಶಾಸನವೊಂದರಲ್ಲಿ ಅಂಥ ಜಲಸೂತ್ರ ಬಲ್ಲವನ ಹೆಸರೇ ಇದೆ: ಸಿಂಗಾಯ ಭಟ್ಟ. ಪೆನ್ನಾರ್ ನದಿಯಿಂದ ಪೆನುಗೊಂಡೆಗೆ ಕಾಲುವೆ ತಂದವನು ಅವನು. 1410ರ ಹರಿಹರದ ಶಾಸನ ಹರಿದ್ರಾ ಹೊಳೆಗೆ ಕಟ್ಟಿದ ಅಣೆಕಟ್ಟು, ಕಾಲುವೆಯ ವಿಷಯ ಹೇಳಿ, ಅದರ ಕೆಳಗಿನ ಭೂಮಿಯಲ್ಲಿ ದೇವರ ಪಾಲು ಎಷ್ಟು, ಬ್ರಾಹ್ಮಣರ ಪಾಲು ಎಷ್ಟು ಎಂದು ಹಂಚುತ್ತದೆ. ಆ ಅಣೆ ಒಡೆದು 1424ರಲ್ಲಿ ದುರಸ್ತಿಯಾದದ್ದಕ್ಕೂ ಶಾಸನವಿದೆ.

ರಾಜನ ಹೆಸರು ಸಿಕ್ಕಿತು, ಮಂತ್ರಿಯದು ಸಿಕ್ಕಿತು, ಜಲಸೂತ್ರದವನದೂ ಸಿಕ್ಕಿತು. ಆ ಸಾವಿರ ಆಳುಗಳು ಯಾರು? ಮಣ್ಣು ಹೊತ್ತವರು, ಕಲ್ಲು ಒಡೆದವರು, ಒಡ್ಡರು? ನಮ್ಮ ನಾಡಿನಲ್ಲಿ ಕೆರೆ, ಕಾಲುವೆಯ ಮಣ್ಣು ಕೆಲಸ ತಲೆತಲಾಂತರದಿಂದ ಒಡ್ಡರದು, ಇಂದು ನಾವು ಭೋವಿ ಎಂದು ಕರೆಯುವ ಬಂಧುಗಳದು. ಇಲ್ಲಿ ಸೊನ್ನಲಿಗೆಯ ಸಿದ್ಧರಾಮನನ್ನು ನೆನೆಯದೆ ಮುಂದೆ ಹೋಗಲಾಗದು. ಕೆರೆ ತೋಡಿಸಿದವನು, ತಾನೂ ತೋಡಿದವನು. ಅಲ್ಲಮಪ್ರಭುಗಳು ಅವನನ್ನು ಒಡ್ಡರಾಮ ಎಂದು ಕರೆದು ಕೆಣಕಿದ ಪ್ರಸಂಗವನ್ನು ನಮ್ಮ ಪ್ರವಚನಕಾರರು ಅರಿವಿನ ಪಾಠವಾಗಿ ಮಾತ್ರ ಹೇಳುತ್ತಾರೆ: ಹೊರಗಿನ ಕೆರೆ ಬಿಡು, ಒಳಗಿನದನ್ನು ನೋಡು ಎಂದು. ಅದು ಸರಿಯೇ. ಆದರೆ ಆ ಸಂವಾದದ ನಂತರ ಸೊಲ್ಲಾಪುರದ ಕೆರೆಯನ್ನು ಯಾರೂ ಮುಚ್ಚಲಿಲ್ಲವಲ್ಲ? ಅದು ಇಂದಿಗೂ ಊರ ನಡುವೆ ತುಂಬಿ ನಿಂತಿದೆ. ಭೋವಿ ಸಮಾಜ ಸಿದ್ಧರಾಮೇಶ್ವರರನ್ನು ತಮ್ಮ ಗುರುವೆಂದು ಎದೆಗೆ ಹಚ್ಚಿಕೊಂಡಿದೆ. ನಾವು ಅವರನ್ನು ಶಿವಯೋಗಿ ಎಂದು ಪೀಠದ ಮೇಲೆ ಕೂರಿಸಿ, ಅವರ ಕೈಯ ಗುದ್ದಲಿಯನ್ನು ಮಾತ್ರ ಮೂಲೆಗಿಟ್ಟಿದ್ದೇವೆ.

ಇನ್ನೊಂದು ಸಂಗತಿ, ಹೇಳಲು ನಾಲಗೆ ಕಹಿಯಾಗುತ್ತದೆ. ಹೊಸಪೇಟೆಯ ದಕ್ಷಿಣಕ್ಕೆ ಎರಡು ಗುಡ್ಡಗಳ ನಡುವೆ ಒಂದು ಬೃಹತ್ ಏರಿ ಇದೆ. ಪಾಯಸ್ ವರ್ಣಿಸುವ ಕೃಷ್ಣದೇವರಾಯನ ಕೆರೆ ಇದೇ ಎಂಬುದು ಅನೇಕ ವಿದ್ವಾಂಸರ ಮತ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ನೆಲ ಕಾಣದ ಹಾಗೆ ಕೆಲಸ ಮಾಡುತ್ತಿದ್ದರು ಎನ್ನುತ್ತಾನೆ ಅವನು. ಕೆರೆ ಎರಡು ಮೂರು ಸಲ ಒಡೆಯಿತು. ಪುರೋಹಿತರು ದೇವರನ್ನು ಕೇಳಿ, ಬಲಿ ಬೇಕು ಎಂದರು. ಅರವತ್ತು ಮನುಷ್ಯರು, ಜೊತೆಗೆ ಕುದುರೆ, ಕೋಣಗಳ ತಲೆ ಕಡಿಯಲಾಯಿತು. ಕೆಲವು ವರ್ಷಗಳ ನಂತರ ಬಂದ ನೂನಿಜ್ ಕೂಡ ಸೆರೆಯಾಳುಗಳನ್ನು ಅಲ್ಲಿ ಕಡಿಸಿದ್ದನ್ನು ಬರೆದಿದ್ದಾನೆ. ಜೊವಾವೊ ಡೆಲಾ ಪಾಂಟೆ ಎಂಬ ಪೋರ್ಚುಗೀಸ್ ಕಲ್ಲುಕೆಲಸದವನ ನೆರವನ್ನೂ ರಾಜ ಪಡೆದ ಎಂಬ ಮಾತು ಅದೇ ಬರಹದಲ್ಲಿದೆ. ನೋಡಿ, ಒಂದೇ ಏರಿಯ ಮೇಲೆ ಶಾಸ್ತ್ರವೂ ಇತ್ತು, ಕುಶಲ ಕೈಯೂ ಇತ್ತು, ಕೊಡಲಿಯೂ ಇತ್ತು. ಕರ್ನಾಟಕದ ಭವ್ಯ ಪರಂಪರೆ ಎಂದು ಭಾಷಣ ಮಾಡುವವರು ಆ ಅರವತ್ತು ಜನರನ್ನು ಬಿಟ್ಟೇ ಮಾತಾಡುತ್ತಾರೆ.

ಅದು ರಾಜನ ಪಾಪ, ಪುರೋಹಿತರ ಪಾಪ ಎಂದು ಕೈ ತೊಳೆದುಕೊಳ್ಳುವ ಮೊದಲು 'ಕೆರೆಗೆ ಹಾರ'ವನ್ನು ನೆನೆಯೋಣ. ನಮ್ಮಜ್ಜಿ ಬೀಸುವಾಗ ಅದನ್ನು ಹಾಡಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಕಲ್ಲನಕೇರಿಯಲ್ಲಿ ಕೆರೆ ತೋಡಿಸಿದರೂ ನೀರು ಬರಲಿಲ್ಲ, ಜೋಯಿಸ ಹೊತ್ತಿಗೆ ತೆಗೆದ, ಕಿರಿ ಸೊಸೆ ಭಾಗೀರಥಿಯನ್ನು ಕೆರೆಗೆ ಕೊಟ್ಟರು. ದಂಡಿಗೆ ಹೋಗಿದ್ದ ಗಂಡ ಬಂದು ತಾನೂ ಅದರಲ್ಲೇ ಬಿದ್ದ. ಕೆರೆ ತೋಡಿಸಿದ ಆ ಗೌಡನ ಹೆಸರು ಮಲ್ಲನಗೌಡ. ಅವನು ಯಾರ ಪೈಕಿ ಎಂದು ಬಿಡಿಸಿ ಹೇಳಬೇಕೇ? ಜೋಯಿಸನ ಹೊತ್ತಿಗೆಯನ್ನು ಹನ್ನೆರಡನೆಯ ಶತಮಾನದಲ್ಲೇ ತಿರಸ್ಕರಿಸಿದ ಧರ್ಮದ ಮನೆಯಂಗಳದಲ್ಲಿ ಈ ಹಾಡು ಬೆಳೆಯಿತು, ಬಾಳಿತು. ಈಗ ಮನುಷ್ಯರನ್ನು ಕೊಡುವುದಿಲ್ಲ, ನಿಜ. ಜಲಾಶಯ ತುಂಬಿದ ವರ್ಷ ಮೊರದ ಬಾಗಿನ ಕೊಡುತ್ತೇವೆ. ಮಂತ್ರಿಗಳು, ಶಾಸಕರು, ಕೆಲವೊಮ್ಮೆ ನಮ್ಮ ಪೂಜ್ಯರೂ ಸಾಲಾಗಿ ನಿಂತು ಸೀರೆ, ಬಳೆ, ಕುಂಕುಮವನ್ನು ನೀರಿಗೆ ಬಿಡುತ್ತಾರೆ. ಅದೇ ನೀರು ಹೋಗಬೇಕಾದ ಕಾಲುವೆಯ ಕೊನೆಯ ತೂಬಿನವರೆಗೆ ನಡೆದು ಬಂದ ಒಬ್ಬ ದೊಡ್ಡ ಮನುಷ್ಯನನ್ನು ನನ್ನ ಹಳ್ಳಿಯವರು ಕಂಡಿಲ್ಲ.

ಈಗ ನಮ್ಮ ಮನೆಯ ಮಾತು. ನನ್ನ ಚಿಗಪ್ಪನ ಗದ್ದೆ ಕಾಲುವೆಯ ತಲೆಭಾಗದಲ್ಲಿದೆ. ನಿತ್ಯ ಇಷ್ಟಲಿಂಗ ಪೂಜೆ ತಪ್ಪಿಸದವರು, ಮಠದ ದಾಸೋಹಕ್ಕೆ ಪ್ರತಿವರ್ಷ ಹತ್ತು ಚೀಲ ಭತ್ತ ಕೊಡುವವರು. ಎರಡು ವರ್ಷದ ಹಿಂದೆ ರಜೆಗೆ ಹೋದಾಗ ರಾತ್ರಿ ಮೋಟಾರಿನ ಸದ್ದು ಕೇಳಿ ಎದ್ದು ಹೋದೆ. ತೂಬಿನಿಂದ ಬರುವ ಪಾಲು ಸಾಲದೆಂದು ಅವರು ಕಾಲುವೆಗೇ ಪೈಪು ಇಳಿಸಿ ಎತ್ತುತ್ತಿದ್ದರು. ನೆರೆಯ ಮೂರು ಗದ್ದೆಗಳಲ್ಲೂ ಅದೇ ಸದ್ದು. ಕೊನೆಯಂಚಿನಲ್ಲಿ ಆ ವರ್ಷ ಭತ್ತ ತೆನೆ ಕಟ್ಟುವ ಹೊತ್ತಿಗೆ ನೀರು ಮುಟ್ಟಿರಲಿಲ್ಲ. "ಚಿಗಪ್ಪ, ಕೆಳಗಿನವರ ಪಾಲಲ್ಲೇನು ಇದು?" ಎಂದೆ. "ತಮ್ಮಾ, ನೀ ಸಮುದ್ರದ ದಂಡಿಗೆ ಇರಾಂವ, ನಿನಗೇನು ಗೊತ್ತು ನೀರಿನ ಸಂಕಟ? ಎಲ್ಲರೂ ಎತ್ತತಾರ" ಎಂದರು. ಎಲ್ಲರೂ ಎನ್ನುವುದರಲ್ಲಿ ಕೆಳಗಿನವರು ಸೇರಿರಲಿಲ್ಲ. ಕಾಲುವೆಯ ತಲೆಯಲ್ಲಿ ಯಾವ ಯಾವ ಸಮಾಜದವರ ಭೂಮಿ ಇದೆ, ಕೊನೆಯಲ್ಲಿ ಯಾರದ್ದಿದೆ ಎಂದು ನಿಮ್ಮ ನಿಮ್ಮ ಊರಿನ ನಕ್ಷೆ ಇಟ್ಟುಕೊಂಡು ನೋಡಿ. ನಮ್ಮೂರಲ್ಲಿ ತಲೆಯಲ್ಲಿ ನಾವು, ಕೊನೆಯಲ್ಲಿ ಭೂಸುಧಾರಣೆಯಲ್ಲಿ ಒಂದೆರಡು ಎಕರೆ ಪಡೆದ ದಲಿತರು, ವಾಲ್ಮೀಕಿಗಳು. ಅನುಭವ ಮಂಟಪದ ಸಮಾನತೆಯ ಮಾತನ್ನು ಬಸವ ಜಯಂತಿಯ ದಿನ ಆಡುವವರು ತಲೆಯಂಚಿನವರೇ. ನಾನೂ ಆ ರಾತ್ರಿ ಮೋಟಾರು ನಿಲ್ಲಿಸಲಿಲ್ಲ. ಸುಮ್ಮನೆ ಬಂದು ಮಲಗಿದೆ. ಅದನ್ನೂ ಬರೆಯದೆ ಇದ್ದರೆ ಇಷ್ಟು ಬರೆದದ್ದಕ್ಕೆ ಅರ್ಥವಿಲ್ಲ.

ಹಿಂದೆ ಹೀಗಿರಲಿಲ್ಲ, ಎಲ್ಲ ರಾಮರಾಜ್ಯ ಎಂದು ನಾನು ಹೇಳುತ್ತಿಲ್ಲ. ಅರಸರ ಕಾಲದಲ್ಲೂ ಬಲ್ಲಿದರ ಗದ್ದೆಗೇ ಮೊದಲು ನೀರು. ಆದರೆ ನಿರ್ವಹಣೆಯ ಭಾರ ಯಾರದು ಎಂಬುದು ಅಂದು ಸ್ಪಷ್ಟವಾಗಿತ್ತು. ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ, ಕಾಲುವೆ ಕಟ್ಟಿದವನಿಗೆ, ಅದನ್ನು ನೋಡಿಕೊಳ್ಳುವವನಿಗೆ ಬಿಟ್ಟ ಭೂಮಿ, ಬಿಟ್ಟ ಪಾಲು ಅದು. ಗುಡಿಗೆ ದಾನ ಕೊಡುವಂತೆ ಹೂಳೆತ್ತುವುದಕ್ಕೂ ದಾನ. ಊರಿಗೊಬ್ಬ ನೀರಗಂಟಿ. ಯಾವ ತೂಬು ಎಷ್ಟು ಹೊತ್ತು ತೆರೆಯಬೇಕು, ಯಾರ ಗದ್ದೆಗೆ ರಾತ್ರಿಯ ನೀರು, ಯಾರದಕ್ಕೆ ಹಗಲಿನದು ಎಂಬುದು ಅವನ ತಲೆಯಲ್ಲಿ. ನಮ್ಮೂರಿನ ಕೊನೆಯ ನೀರಗಂಟಿಗೆ ಈಗ ಎಂಬತ್ತು ದಾಟಿದೆ. "ಮೇಷ್ಟ್ರೇ, ನೀರು ಬಿಡೋದು ಸಲೀಸು. ಇಲ್ಲ ಅನ್ನೋದು ಕಷ್ಟ. ಗೌಡ್ರ ಮುಖ ನೋಡಿ ಇಲ್ಲ ಅನ್ನಬೇಕಲ್ಲ" ಎಂದರು ಒಮ್ಮೆ. ಅವರ ಮಗ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸದಲ್ಲಿದ್ದಾನೆ. ಇಲಾಖೆಯ ಸೌಡಿಗಳು ಇದ್ದಾರೆ, ಆದರೆ ಒಬ್ಬನಿಗೆ ಹತ್ತಾರು ಮೈಲಿ.

1945ರಲ್ಲಿ ಕೆಲಸ ಶುರುವಾಗಿ 1953ರಲ್ಲಿ ತುಂಗಭದ್ರಾ ಅಣೆಕಟ್ಟು ನೀರು ಹಿಡಿಯಿತು. ಕೊರಗಲ್ಲು, ವಲ್ಲಭಾಪುರದ ಹಳೆಯ ಅಣೆಗಳು ಅದರ ಹಿನ್ನೀರಿನ ತಳ ಸೇರಿದವು. ರಾಯ, ಬಸವಣ್ಣ ಕಾಲುವೆಗಳಿಗೆ ಈಗ ಜಲಾಶಯದಿಂದಲೇ ನೀರು. ಹೊಸದನ್ನು ಹಳಿಯುವವನು ನಾನಲ್ಲ; ಆ ಅಣೆಕಟ್ಟು ಲಕ್ಷಾಂತರ ಜನರ ಅನ್ನ. ಆದರೆ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಆ ವಾರ ನನ್ನ ಹಳ್ಳಿಯಿಂದ ಬಂದ ಒಂದೊಂದು ಫೋನು ಕರೆಯೂ ಅಳುವಿನ ದನಿಯಲ್ಲೇ ಇತ್ತು. ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ತಡೆಗೇಟಿನ ತುಂಡುಗಳನ್ನು ಒಂದೊಂದಾಗಿ ಇಳಿಸಿ ಬಾಯಿ ಮುಚ್ಚಿತು. ಅದನ್ನು ಮಾಡಿದ ಕಾರ್ಮಿಕರು ಕಾಯಕ ಎಂಬ ಮಾತಿಗೆ ಹೊಸ ಅರ್ಥವನ್ನೇನೂ ಕೊಡಲಿಲ್ಲ, ಹಳೆಯ ಅರ್ಥವನ್ನೇ ಮಾಡಿ ತೋರಿಸಿದರು. ಎಷ್ಟು ಮಠಗಳು ಅವರನ್ನು ಕರೆದು ಗೌರವಿಸಿದವು ಎಂದು ಕೇಳುವ ಹಕ್ಕು ನಮಗೆ ಇದೆ.

ಹಳೆಯ ಕಾಲುವೆಗಳಿಗೆ ಈಚೆಗೆ ಕಾಂಕ್ರೀಟ್ ಒಳಮೈ ಬಂದಿದೆ. ಇದಕ್ಕೆ ಪರಂಪರೆಯ ಪ್ರೇಮಿಗಳು ಮೂಗು ಮುರಿಯುತ್ತಾರೆ. ನಾನು ಅವರ ಪಕ್ಷವಲ್ಲ. ಸೋರುವುದು ನಿಂತು ಕೊನೆಯಂಚಿಗೆ ಒಂದು ಗಂಟೆ ಹೆಚ್ಚು ನೀರು ಹೋದರೆ ಆ ಕಾಂಕ್ರೀಟೇ ನನಗೆ ಪರಂಪರೆ. ಆದರೆ ಕಿತ್ತ ಹಳೆಯ ಕಲ್ಲುಗಳ ಗತಿ? ನಮ್ಮೂರ ಬಳಿ ಹಳೆಯ ತೂಬಿನ ಎರಡು ಕಲ್ಲುಗಂಬಗಳು ದಂಡೆಯ ಮೇಲೆ ಬಹಳ ವರ್ಷಗಳಿಂದ ಮಗುಚಿ ಬಿದ್ದಿವೆ. ಒಂದರ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಾರೆ. ಅದು ಒಳ್ಳೆಯ ಉಪಯೋಗವೇ. ಇನ್ನೊಂದಕ್ಕೆ ಯಾರೋ ಅರಿಸಿನ ಕುಂಕುಮ ಹಚ್ಚಿದ್ದಾರೆ. ಇನ್ನೈದು ವರ್ಷಕ್ಕೆ ಅಲ್ಲೊಂದು ಗುಡಿ, ಒಬ್ಬ ಪೂಜಾರಿ, ಒಂದು ಹುಂಡಿ ಏಳುತ್ತದೆ, ಬರೆದಿಟ್ಟುಕೊಳ್ಳಿ. ನೀರು ಬಿಡಲು ನಿಂತಿದ್ದ ಕಲ್ಲು ಹೀಗೆ ದೇವರಾಗಿ ಕೆಲಸ ಬಿಟ್ಟು ಕುಳಿತುಕೊಳ್ಳುತ್ತದೆ. ಹೊಸಪೇಟೆಯಂಥ ಊರೊಳಗೆ ಕಾಲುವೆ ಹಾಯುವಲ್ಲಿ ಪ್ಲಾಸ್ಟಿಕ್, ಕೊಳಚೆ, ಸತ್ತ ಕೋಳಿ. ಕೆಳಗಿನ ಊರಿನವರು ಅದೇ ನೀರನ್ನು ದನಕ್ಕೆ ಕುಡಿಸುತ್ತಾರೆ.

ಇದು ಬಯಲುಸೀಮೆಯ ಗೋಳು ಮಾತ್ರವಲ್ಲ. ನಾನಿರುವ ಈ ಜಿಲ್ಲೆಯ ಕುಮಟಾದಲ್ಲಿ ಅಘನಾಶಿನಿಯ ಹಿನ್ನೀರಿನ ಗಜನಿ ಭೂಮಿ ಇದೆ. ಉಪ್ಪುನೀರು ಒಳನುಗ್ಗದಂತೆ ಮಣ್ಣಿನ ಒಡ್ಡು, ಭರತಕ್ಕೆ ಮುಚ್ಚಿ ಇಳಿತಕ್ಕೆ ತೆರೆಯುವ ಬಾಗಿಲು, ಉಪ್ಪು ತಾಳುವ ಕಗ್ಗ ಭತ್ತ, ಮಳೆಗಾಲ ಕಳೆದರೆ ಮೀನು, ಸಿಗಡಿ. ಊರವರೆಲ್ಲ ಸೇರಿ ಒಡ್ಡು ಕಟ್ಟುತ್ತಿದ್ದರು, ಸೇರಿ ಕಾಯುತ್ತಿದ್ದರು. ಸರ್ಕಾರ ಗಟ್ಟಿ ಒಡ್ಡು ಕಟ್ಟಿಸಿಕೊಟ್ಟಿತು, ಆಮೇಲೆ ಸಿಗಡಿಯ ಲಾಭ ಬಂತು, ಸೇರುವ ಕೆಲಸ ನಿಂತಿತು. ಅನೇಕ ಕಡೆ ಗದ್ದೆ ಹಡಿಲು ಬಿದ್ದಿದೆ. ಮಾಣಿಕಟ್ಟಾದ ಕೆಲವು ರೈತರು ಕಗ್ಗವನ್ನು ಬಿಡದೆ ಹಿಡಿದಿದ್ದಾರೆ. ಅಲ್ಲಿ ನಾನು ಕಂಡದ್ದು ಕಂಪ್ಲಿಯಲ್ಲಿ ಕಂಡದ್ದೇ: ಕಟ್ಟಿದ್ದು ಕೆಡುವುದು ಕಲ್ಲು ಸವೆದು ಅಲ್ಲ, ಒಟ್ಟಿಗೆ ಗುದ್ದಲಿ ಹಿಡಿಯುವ ದಿನ ತಪ್ಪಿದಾಗ.

ನಮ್ಮ ಮಠಗಳಿಗೆ ನನ್ನ ಬಿನ್ನಹ ಇಷ್ಟು. ತುಂಗಭದ್ರೆಯ ಕಾಲುವೆಗಳ ಕೆಳಗೆ ಮಠಗಳಿಗೂ ಭೂಮಿ ಇದೆ, ಮಠದ ಭಕ್ತರಿಗೆ ಅದಕ್ಕಿಂತ ಹೆಚ್ಚಿದೆ. ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸಿದ ದಿನಗಳಲ್ಲಿ ಪೂಜ್ಯರು ಒಂದು ದಿನದ ಪ್ರವಚನವನ್ನು ಕಾಲುವೆಯ ಒಳಗೇ ಇಟ್ಟುಕೊಳ್ಳಲಿ. ಹೂಳೆತ್ತುವ ಕೆಲಸದ ನಡುವೆ ಮರದ ನೆರಳಲ್ಲಿ ಪ್ರವಚನ, ಅಲ್ಲೇ ದಾಸೋಹ, ಪಂಕ್ತಿಯಲ್ಲಿ ತಲೆಯಂಚಿನವರೂ ಕೊನೆಯಂಚಿನವರೂ ಒಟ್ಟಿಗೆ. ಮಠದ ಗದ್ದೆ ತಲೆಭಾಗದಲ್ಲಿದ್ದರೆ, ಕೊನೆಯ ತೂಬಿಗೆ ನೀರು ಮುಟ್ಟುವವರೆಗೆ ತಮ್ಮ ತೂಬು ಮುಚ್ಚಿರುತ್ತದೆ ಎಂದು ಒಂದು ವರ್ಷ ಘೋಷಿಸಿ ನೋಡಲಿ. ಚಿಗಪ್ಪನಂಥವರಿಗೆ ನನ್ನಂಥ ಮೇಷ್ಟರು ಹೇಳಿದರೆ ನಾಟದು, ಗುರುಗಳ ಗದ್ದೆ ಒಣಗಿ ನಿಂತದ್ದನ್ನು ಕಂಡರೆ ಮೋಟಾರಿಗೆ ಕೈ ಹೋಗದು. ಬಿದ್ದ ತೂಬಿನ ಕಲ್ಲುಗಳನ್ನು ಎತ್ತಿ ಅದೇ ದಂಡೆಯಲ್ಲಿ ನಿಲ್ಲಿಸಿ, ಅದು ಹೇಗೆ ಕೆಲಸ ಮಾಡುತ್ತಿತ್ತು ಎಂದು ಎರಡು ಸಾಲು ಬರೆಸಲಿ, ಕುಂಕುಮ ಹಚ್ಚುವ ಮೊದಲು. ಉಳಿದಿರುವ ನೀರಗಂಟಿಗಳನ್ನು ಕರೆದು ಅವರಿಗೆ ಗೊತ್ತಿರುವ ಸರದಿಯನ್ನು, ಕಟ್ಟಳೆಯನ್ನು ಬರೆದಿಟ್ಟುಕೊಳ್ಳಲಿ. ಹಂಪಿ ಕನ್ನಡ ವಿಶ್ವವಿದ್ಯಾಲಯ ಪಕ್ಕದಲ್ಲೇ ಇದೆ. ಮಠಗಳು ಕೇಳಿದರೆ ವಿದ್ಯಾರ್ಥಿಗಳು ನಾಲ್ಕು ಹೆಜ್ಜೆ ನಡೆದು ಬರಬಹುದು.

ಈ ಮೇ ತಿಂಗಳಲ್ಲಿ ನಾನು ಊರಿಗೆ ಹೋಗುವವನಿದ್ದೇನೆ. ಪ್ರಶ್ನೆ ಕೇಳಿದ ಹುಡುಗಿಯೂ ಅವಳ ಜೊತೆಯ ಆರು ಮಕ್ಕಳೂ ಹೆತ್ತವರ ಒಪ್ಪಿಗೆ ಪಡೆದು ನನ್ನೊಂದಿಗೆ ಬರುತ್ತಾರೆ. ಕಲ್ಲಿನ ರಥ ಕೊನೆಗೆ ನೋಡೋಣ ಎಂದು ಹೇಳಿದ್ದೇನೆ. ಮೊದಲ ದಿನ ತುರ್ತು ಕಾಲುವೆಯ ದಂಡೆ, ಎರಡನೆಯ ದಿನ ನಮ್ಮೂರಿನ ಕೊನೆಯ ತೂಬು. ಎಂಬತ್ತು ದಾಟಿದ ನೀರಗಂಟಿ ಅಜ್ಜನಿಗೆ ಹೇಳಿ ಕಳಿಸಿದ್ದೆ, ಮಕ್ಕಳಿಗೆ ನಾಲ್ಕು ಮಾತು ಹೇಳಬೇಕೆಂದು. ಮಾತೇನೂ ಬರುವುದಿಲ್ಲ, ಬರುವಾಗ ಎರಡು ಗುದ್ದಲಿ, ನಾಲ್ಕು ಬುಟ್ಟಿ ತಂದರೆ ಸಾಕು ಎಂದು ಹೇಳಿ ಕಳಿಸಿದ್ದಾರೆ.